ಜ್ವರಕ್ಕೆ ಕೊಟ್ಟ ರಕ್ತ: ಮದುವೆಯಾಗದ ಹೆಣ್ಣುಮಗಳೊಬ್ಬಳ ಪ್ರಕರಣ

ಇದು ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಒಂದು ಹಳ್ಳಿಯಲ್ಲಿ ನಡೆದದ್ದು. ನಾನು ಅಲ್ಲಿನ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಊರಿನವರಿಗೆ ಬರೀ ‘ಸಿಸ್ಟರ್’. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಊರು, ಕೆಲಸ, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬೇರೆ ಹೆಸರು ಇಡೋದೂ ಬೇಡ ಅಂದಳು. ಹಾಗಾಗಿ ಇಲ್ಲಿ ಅವಳನ್ನು ತಂಗಿ ಅಂತಲೇ ಕರೆಯುತ್ತೇನೆ.

ತಂಗಿಗೆ ಆಗ 26 ವರ್ಷ. ಪಿಯುಸಿ ಮುಗಿಸಿ, ಕಂಪ್ಯೂಟರ್ ಕಲಿತು, ಹೋಬಳಿ ಊರಿನ ಒಂದು ಸೊಸೈಟಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಮನೆಗೆ ಒಂದೂವರೆ ಎಕರೆ ಅಡಿಕೆ ತೋಟ. ಎಲೆಚುಕ್ಕೆ ರೋಗ ಬಂದ ಮೇಲೆ ಫಸಲು ಅರ್ಧಕ್ಕೆ ಇಳಿದಿತ್ತು. ಸಂಬಳ ಅಪ್ಪನ ಕೈಗೆ ಹೋಗುತ್ತಿತ್ತು. ಬಸ್ ಚಾರ್ಜು, ಸಣ್ಣಪುಟ್ಟ ಖರ್ಚು ಮಾತ್ರ ಅವಳ ಹತ್ತಿರ. ಮನೆಯಲ್ಲಿ ಗಂಡು ನೋಡುತ್ತಿದ್ದರು. ಈ ಕೊನೆಯ ಮಾತನ್ನು ನೆನಪಿಡಿ, ಮುಂದೆ ಎಲ್ಲದಕ್ಕೂ ಅದು ಅಡ್ಡ ಬರುತ್ತದೆ.

ವರದಿಯಲ್ಲಿ ಕಂಡದ್ದು

ಜನವರಿ ಕೊನೆಯ ವಾರ. ಆ ಹೊತ್ತಿನಲ್ಲಿ ನಮ್ಮ ಕಡೆ ಯಾರಿಗೆ ಜ್ವರ ಬಂದರೂ ಮೊದಲು ಮಂಗನ ಕಾಯಿಲೆಯ ಅನುಮಾನ. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಅದು. ಉಣುಗು (ಉಣ್ಣೆ) ಕಚ್ಚಿ ಬರುತ್ತದೆ. ದರಗು (ಒಣಗಿದ ಎಲೆ) ತರಲು ಕಾಡಿಗೆ ಹೋಗುವವರ ಮನೆಗಳಲ್ಲೆಲ್ಲ ಬೇಸಿಗೆ ಮುಗಿಯುವ ತನಕ ಆ ಭಯ ಇದ್ದದ್ದೇ.

ತಂಗಿಗೆ ಮೂರು ದಿನದಿಂದ ಜ್ವರ, ಮೈಕೈ ನೋವು. ಅಮ್ಮನೇ ಕರೆದುಕೊಂಡು ಬಂದರು. ನಾನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ಕಳಿಸಿದೆ. ಅಲ್ಲಿ ರಕ್ತ ತೆಗೆದರು. ಸ್ವಲ್ಪ ಮಂಗನ ಕಾಯಿಲೆ ಪರೀಕ್ಷೆಗೆ, ಸ್ವಲ್ಪ ರಕ್ತಕಣ ಎಣಿಸಲು. ಆ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ಟೂ ಬಿಳಿ ರಕ್ತಕಣವೂ ಇಳಿಯುತ್ತವೆ, ಅದಕ್ಕೆ. ಅಪ್ಪ, ಅಮ್ಮ, ಪಕ್ಕದ ಮನೆಯವರು ಎಲ್ಲರಿಗೂ ವಿಷಯ ಗೊತ್ತಿತ್ತು. ಎಲ್ಲರೂ ಹೋಗಿ ಬಾ, ಪರೀಕ್ಷೆ ಮಾಡಿಸು ಅಂದಿದ್ದರು. ಜ್ವರಕ್ಕೆ ರಕ್ತ ಕೊಡಲು ನಮ್ಮೂರಲ್ಲಿ ಯಾರೂ ನಾಚುವುದಿಲ್ಲ.

ವರದಿ ಬಂತು. ಮಂಗನ ಕಾಯಿಲೆ ಇಲ್ಲ. ಪ್ಲೇಟ್‌ಲೆಟ್ ಸರಿ ಇದೆ. ಹಿಮೋಗ್ಲೋಬಿನ್ ಮಾತ್ರ 7.4.

ಗರ್ಭಿಣಿಯಲ್ಲದ ಹೆಣ್ಣುಮಕ್ಕಳಿಗೆ ಅದು 12 ಇರಬೇಕು. 8ಕ್ಕಿಂತ ಕೆಳಗಿದ್ದರೆ ತೀವ್ರ ರಕ್ತಹೀನತೆ. ಮಾತ್ರೆ ಕೊಟ್ಟು ಮನೆಗೆ ಕಳಿಸುವ ಮಟ್ಟ ಅಲ್ಲ, ದೊಡ್ಡಾಸ್ಪತ್ರೆಗೆ ಕಳಿಸಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ 100ಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಹಾಗಾಗಿ ರಕ್ತ ಕಡಿಮೆ ಅನ್ನೋದು ನಮಗೆ ಹೊಸದಲ್ಲ. ಆದರೆ 7.4 ಇಟ್ಟುಕೊಂಡು ದಿನಾ ಬಸ್ಸಿನಲ್ಲಿ ನಿಂತು ಹೋಗಿ, ರಾತ್ರಿ ಅಡಿಕೆ ಸುಲಿದು, ಬೆಳಗ್ಗೆ ಮತ್ತೆ ಕೆಲಸಕ್ಕೆ ಹೋಗುವುದು ಹೇಗೆ? ವರದಿ ಒಯ್ಯಲು ಅವಳು ಒಬ್ಬಳೇ ಬಂದಾಗ ಬಾಗಿಲು ಹಾಕಿ ಕೂರಿಸಿದೆ.

ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತಿದ್ದಾಗ ಕಣ್ಣು ಕತ್ತಲೆ ಬಂದು ಕುಯ್ದುಕೊಂಡಿದ್ದಳು. ನಿದ್ದೆ ತೂಕಡಿಸಿದ್ದು ಅಂತ ಮನೆಯವರು ಬೈದಿದ್ದರಂತೆ. ಫೋನ್ ತೆಗೆಯಲು ಬ್ಯಾಗಿಗೆ ಕೈ ಹಾಕಿದಾಗ ನನ್ನ ಟೇಬಲ್ ಮೇಲೆ ನಾಲ್ಕು ಕಾಳು ಅಕ್ಕಿ ಬಿತ್ತು.

“ಇದೆಂತ?”

“ಸುಮ್ನೆ, ಬಾಯಾಡಿಸೋಕೆ.”

ಎಷ್ಟು ತಿನ್ನುತ್ತಿ ಅಂತ ಕೇಳಿದೆ. ದಿನಕ್ಕೆ ಒಂದು ಲೋಟ ಅಂದಳು. ಬೇಯಿಸದ ಅಕ್ಕಿ. ಡಬ್ಬಿಗೆ ಕೈ ಹಾಕುವಾಗ ಅಮ್ಮ ನೋಡದ ಹಾಗೆ ನೋಡಿಕೊಳ್ಳುತ್ತಿದ್ದಳು. ಹಸಿ ಅಕ್ಕಿ, ಬಳಪ, ಮಣ್ಣು ತಿನ್ನಬೇಕು ಅನ್ನಿಸುವುದು ಕಬ್ಬಿಣಾಂಶ ತೀರಾ ಇಳಿದವರಲ್ಲಿ ಕಾಣುವ ಲಕ್ಷಣ. ಅದು ಕೆಟ್ಟ ಚಟ ಅಲ್ಲ, ದೇಹ ಕೇಳುವುದು ಅಂತ ಹೇಳಿದ ಕೂಡಲೇ ಅವಳ ಕಣ್ಣು ತುಂಬಿತು. ಆಮೇಲೆ ಮಾತು ತಾನಾಗಿ ಬಂತು. 20 ದಿನಕ್ಕೊಮ್ಮೆ ಮುಟ್ಟಾಗುತ್ತಿತ್ತು. ಒಂಬತ್ತು ಹತ್ತು ದಿನ ನಿಲ್ಲುತ್ತಿರಲಿಲ್ಲ. ಮೊದಲ ಮೂರು ದಿನ ಪ್ಯಾಡ್ ಮೇಲೆ ಬಟ್ಟೆ ಇಟ್ಟುಕೊಂಡರೂ ಎರಡು ಗಂಟೆಗೆ ಬದಲಿಸಬೇಕು. ಗಡ್ಡೆ ಗಡ್ಡೆಯಾಗಿ ಹೋಗುತ್ತಿತ್ತು. ಸೊಸೈಟಿಯ ಶೌಚಾಲಯಕ್ಕೆ ಹೋಗಲು ಗಂಡಸರು ಕೂತಿರುವ ಕೋಣೆ ದಾಟಬೇಕಿತ್ತು. ಪದೇ ಪದೇ ಏಳಬಾರದು ಅಂತ ನೀರು ಕುಡಿಯೋದೇ ಬಿಟ್ಟಿದ್ದಳು. ಹೀಗೆ ಎರಡು ವರ್ಷ.

ಗೊತ್ತಿತ್ತು, ಆದರೂ

ಇಂಥ ಹೆಣ್ಣುಮಕ್ಕಳಿಗೆ ತಿಳಿವಳಿಕೆ ಸಾಲದು ಅಂತ ನಾವು ಸುಲಭವಾಗಿ ಬರೆದುಬಿಡುತ್ತೇವೆ. ತಂಗಿಗೆ ತಿಳಿವಳಿಕೆ ಇತ್ತು. 21ರಿಂದ 35 ದಿನದೊಳಗೆ ಮುಟ್ಟಾಗಬೇಕು, ಏಳು ದಿನಕ್ಕಿಂತ ಜಾಸ್ತಿ ಹೋಗಬಾರದು ಅಂತ ಫೋನಿನಲ್ಲಿ ನೋಡಿಕೊಂಡಿದ್ದಳು. ಪಿಸಿಓಡಿ (ಅಂಡಾಶಯದ ತೊಂದರೆ), ಥೈರಾಯ್ಡ್, ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ) ಮೂರೂ ಹೆಸರು ಅವಳ ಬಾಯಲ್ಲಿ ಬಂತು.

ಪ್ರಯತ್ನವನ್ನೂ ಮಾಡಿದ್ದಳು. ಹಿಂದಿನ ವರ್ಷ ಪೇಟೆಯ ಒಂದು ಸ್ಕ್ಯಾನಿಂಗ್ ಸೆಂಟರಿಗೆ ಒಬ್ಬಳೇ ಹೋಗಿದ್ದಳು. ಹೆಸರು ಬರೆಸುವಾಗ ಗಾಜಿನ ಆಚೆಯಿಂದ ಕೇಳಿದರಂತೆ: “ಎಷ್ಟು ತಿಂಗಳು?” ಅವಳು ಇಲ್ಲ ಅಂದಳು. “ಗಂಡನ ಹೆಸರು?” ಮದುವೆ ಆಗಿಲ್ಲ ಅಂದಳು. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಸರದಿ ಬರುವ ಮುಂಚೆ ಎದ್ದು ಬಂದುಬಿಟ್ಟಳು. ಕೊಟ್ಟ ದುಡ್ಡನ್ನೂ ವಾಪಸ್ ಕೇಳಲಿಲ್ಲ.

ಇನ್ನೊಂದು ಸಲ ಮನೆಯ ಪೂಜೆಗೆ ಅಂತ ಮುಟ್ಟು ಮುಂದೂಡುವ ಮಾತ್ರೆ ತೆಗೆದುಕೊಂಡಿದ್ದಳು. ಅದನ್ನು ತಂದುಕೊಟ್ಟವರು ಅಮ್ಮನೇ. ನಮ್ಮ ಕಡೆ ಹಬ್ಬ, ದೀಪ, ಗೃಹಪ್ರವೇಶ ಅಂದರೆ ಮೆಡಿಕಲ್ ಶಾಪಿನಲ್ಲಿ ಆ ಮಾತ್ರೆಗೆ ಯಾರೂ ಸಂಕೋಚ ಪಡುವುದಿಲ್ಲ. ಮಾತ್ರೆ ನಿಲ್ಲಿಸಿದ ಮೇಲೆ ಆದ ಮುಟ್ಟು ಹನ್ನೆರಡು ದಿನ ಹೋಯಿತು. ದೇವರ ಕೆಲಸ ಅಂದರೆ ಮುಟ್ಟಿನ ಮಾತ್ರೆ ಮನೆಗೆ ಬರುತ್ತದೆ, ಹುಡುಗಿಯ ಆರೋಗ್ಯ ಅಂದರೆ ಬರುವುದಿಲ್ಲ. ಇದನ್ನು ಬರೆಯುವಾಗ ನನಗೆ ಈಗಲೂ ಸಂಕಟ ಆಗುತ್ತದೆ.

ಒಳಗೆ ಬೇರೆ ಎರಡು ಭಯ ಇದ್ದವು. ಸ್ಕ್ಯಾನ್ ಅಂದರೆ ಒಳಗಿಂದ ಮಾಡುತ್ತಾರೆ, ಹಾಗೆ ಮಾಡಿದರೆ ‘ಹುಡುಗಿ ಹಾಗೇ ಉಳಿಯೋದಿಲ್ಲ’ ಅಂತ ಯಾರೋ ಹೇಳಿದ್ದರು. ಏನಾದರೂ ಕಾಯಿಲೆ ಅಂತ ಹೆಸರು ಬಿದ್ದರೆ ಬಂದ ಸಂಬಂಧ ತಪ್ಪಿಹೋಗುತ್ತದೆ ಅನ್ನೋದು ಎರಡನೆಯದು. ಎರಡನ್ನೂ ಅವಳು ಗೋಡೆ ನೋಡಿಕೊಂಡು ಹೇಳಿದಳು.

ನಾನು ಮಾಡಿದ ತಪ್ಪು

7.4 ನೋಡಿ ನನಗೆ ಗಾಬರಿಯಾಗಿತ್ತು. ಮನೆಯವರಿಗೆ ಗೊತ್ತಾದರೆ ಬೇಗ ಕರೆದೊಯ್ಯುತ್ತಾರೆ ಅಂದುಕೊಂಡು ಆಶಾ ಕಾರ್ಯಕರ್ತೆಯನ್ನು ಮಾರನೇ ದಿನವೇ ಮನೆಗೆ ಕಳಿಸಿದೆ. ತಂಗಿಯನ್ನು ಒಂದು ಮಾತು ಕೇಳಲಿಲ್ಲ.

ಆಶಾ ಅಂಗಳದಲ್ಲೇ ನಿಂತು ಒಳ್ಳೆಯ ಮನಸ್ಸಿನಿಂದ ಎಲ್ಲ ಹೇಳಿದರು. ಅಡಿಕೆ ಸುಲಿಯಲು ಬಂದಿದ್ದ ನಾಲ್ಕು ಹೆಂಗಸರು ಅಲ್ಲೇ ಇದ್ದರು. ಅಮ್ಮ ಕೊಟ್ಟ ಉತ್ತರ ಚಿಕ್ಕದು: “ಮದುವೆ ಆಗದ ಹುಡುಗಿಗೆ ಆಸ್ಪತ್ರೆ ಎಂತಕ್ಕೆ? ಮದುವೆಯಾಗಿ ಒಂದು ಮಗು ಆದ್ರೆ ಎಲ್ಲ ಸರಿ ಆಗ್ತದೆ.” ಸಂಜೆಗೆ ಪಕ್ಕದ ಕೇರಿಯಲ್ಲಿ ಮಾತು ಶುರುವಾಯಿತು: ಅವರ ಮನೆಗೆ ಆಶಾ ಎಂತಕ್ಕೆ ಬಂದಿದ್ದು?

ಆ ಪ್ರಶ್ನೆಯಲ್ಲಿ ತಪ್ಪಿಲ್ಲ, ಅದು ನಮ್ಮ ವ್ಯವಸ್ಥೆಯೇ ಹುಟ್ಟಿಸಿದ ಪ್ರಶ್ನೆ. ಆಶಾ ಬ್ಯಾಗಿನ ಪುಸ್ತಕಗಳನ್ನು ತೆಗೆದು ನೋಡಿ. ಅರ್ಹ ದಂಪತಿಗಳದ್ದು, ಅಂದರೆ ಮಕ್ಕಳಾಗುವ ವಯಸ್ಸಿನ ಗಂಡ ಹೆಂಡತಿಯರದ್ದು, ಇದೆ. ಗರ್ಭಿಣಿ, ಬಾಣಂತಿ, ಮಗುವಿನ ಲಸಿಕೆ ಇದೆ. 2014ರಲ್ಲಿ ಶುರುವಾದ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ, ಅದರ ಸ್ನೇಹಾ ಕ್ಲಿನಿಕ್ 10ರಿಂದ 19 ವರ್ಷದವರಿಗೆ. ಶುಚಿ ಯೋಜನೆಯ ಪ್ಯಾಡ್ ಶಾಲೆ, ಹಾಸ್ಟೆಲ್ ಹುಡುಗಿಯರಿಗೆ. 30 ದಾಟಿದರೆ ಬಿಪಿ, ಸಕ್ಕರೆ, ಕ್ಯಾನ್ಸರ್ ತಪಾಸಣೆ. 2018ರ ಅನೀಮಿಯಾ ಮುಕ್ತ ಭಾರತದಲ್ಲಿ 20ರಿಂದ 49 ವರ್ಷದ ಹೆಣ್ಣುಮಕ್ಕಳಿಗೆ ವಾರಕ್ಕೊಂದು ಕಬ್ಬಿಣದ ಕೆಂಪು ಮಾತ್ರೆ ಅಂತ ಇದೆ ನಿಜ. ಆದರೆ ಇಪ್ಪತ್ತಾರರ, ಮದುವೆಯಾಗದ ಹುಡುಗಿಯ ಮನೆ ಬಾಗಿಲಿಗೆ ಹೋಗಲು ನಮಗೊಂದು ಕಾರಣ ಇಲ್ಲ. ಹೋದರೆ ಜನ ತಾವೇ ಒಂದು ಕಾರಣ ಕಟ್ಟುತ್ತಾರೆ.

ತಂಗಿ ಹಲವು ವಾರ ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ನಾನು ಕೊಟ್ಟ ಕಬ್ಬಿಣದ ಮಾತ್ರೆಯನ್ನು ನಾಲ್ಕು ದಿನ ಕಾಫಿ ಜೊತೆ ನುಂಗಿ, ಹೊಟ್ಟೆ ತೊಳಸಿ, ಬಿಟ್ಟಿದ್ದಳು. ಕಾಫಿ, ಟೀ ಜೊತೆ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ, ಮಲ ಕಪ್ಪಾದರೆ ಹೆದರಬೇಡ ಅಂತ ನಾನು ಹೇಳಬೇಕಿತ್ತು. ಗಾಬರಿಯಲ್ಲಿ ಅದನ್ನೂ ಹೇಳಿರಲಿಲ್ಲ. ಆ ವಾರಗಳಲ್ಲಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಅಮ್ಮನ ಮಾತು

ಮಾರ್ಚ್ ಮಧ್ಯದಲ್ಲಿ ಅಮ್ಮ ತಮ್ಮ ಬಿಪಿ ಮಾತ್ರೆಗೆ ಬಂದರು. ತಿಂಗಳಿಗೊಮ್ಮೆ ಬರುತ್ತಿದ್ದರು, ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಈ ಸಲ ಮಗಳ ಸುದ್ದಿ ಎತ್ತಬಾರದು ಅಂತ ಗಟ್ಟಿ ಮಾಡಿಕೊಂಡಿದ್ದೆ. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುತ್ತಾ ಅವರದ್ದೇ ಕೇಳಿದೆ. “ಅಮ್ಮಾ, ನಿಮಗೆ ಮುಟ್ಟು ನಿಂತು ಎಷ್ಟು ವರ್ಷ ಆಯ್ತು?”

“ನಿಂತಿದ್ದಲ್ಲ ಸಿಸ್ಟ್ರೇ. ತೆಗೆಸಿದ್ದು.”

ಗರ್ಭಕೋಶ ತೆಗೆಸಿದಾಗ ಅವರಿಗೆ 36 ವರ್ಷ. ಅವರಿಗೂ ಹೀಗೇ ಹೋಗುತ್ತಿತ್ತು. ಯಾವ ಆಸ್ಪತ್ರೆ ಅನ್ನೋದು ಇಲ್ಲಿ ಬೇಡ. ಒಂದೇ ಭೇಟಿಯಲ್ಲಿ ‘ತೆಗೆಸಿಬಿಡಿ, ತೊಂದರೆ ಮುಗೀತು’ ಅಂದರಂತೆ. ಎರಡೆಳೆ ಸರ ಅಡ ಇಟ್ಟರು. ಬಿಡಿಸಿಕೊಳ್ಳಲು ನಾಲ್ಕು ವರ್ಷ ಬೇಕಾಯಿತು. ಅಂಡಾಶಯ ಉಳಿಸಿದ್ದಾರೋ ಇಲ್ಲವೋ ಇವತ್ತಿಗೂ ಅವರಿಗೆ ಗೊತ್ತಿಲ್ಲ. ಆಮೇಲೆ ಸೊಂಟ ನೋವು, ಮೈ ಬಿಸಿ, ಸುಮ್ಮಸುಮ್ಮನೆ ಅಳು.

ಪಟ್ಟಿ ಬಿಚ್ಚಿದೆ. ಅವರು ತೋಳು ಹಾಗೇ ಚಾಚಿಕೊಂಡು ಕೂತಿದ್ದರು. ಆಮೇಲೆ ಮೆಲ್ಲಗೆ ಹೇಳಿದರು: “ಅವಳನ್ನ ಕರ್ಕೊಂಡು ಹೋದ್ರೆ ಅವಳಿಗೂ ತೆಗೀರಿ ಅಂತಾರೆ. ಮದುವೆ ಆಗದ ಹುಡುಗಿಗೆ ತೆಗೆಸಿದ್ರೆ ಯಾರು ಕಟ್ಕೊಳ್ತಾರೆ ಹೇಳಿ?”

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಅಮ್ಮನ ಅಸಡ್ಡೆ ಅಂತ ನಾನು ಬರೆದುಕೊಂಡಿದ್ದು ಅಸಡ್ಡೆಯೇ ಅಲ್ಲ. ತಮ್ಮ ಮೇಲೆ ಆದದ್ದು ಮಗಳ ಮೇಲೆ ಆಗದ ಹಾಗೆ ಅವರು ತಡೆಯುತ್ತಿದ್ದರು. ‘ಮಗು ಆದ್ರೆ ಸರಿ ಆಗ್ತದೆ’ ಅನ್ನೋದು ಆ ಭಯಕ್ಕೆ ಹೊದಿಸಿದ ಬಟ್ಟೆ.

ಅವರ ಮುಂದೆ ಒಂದು ಹಾಳೆಯಲ್ಲಿ ಬರೆದೆ. ಈ ವಯಸ್ಸಿಗೆ ಮೊದಲು ರಕ್ತಪರೀಕ್ಷೆ, ಥೈರಾಯ್ಡ್ ಪರೀಕ್ಷೆ. ಆಮೇಲೆ ಹೊಟ್ಟೆ ಮೇಲಿಂದಲೇ ಸ್ಕ್ಯಾನ್. ನೀರು ಕುಡಿದು ಮೂತ್ರ ತುಂಬಿಸಿಕೊಂಡರೆ ಸಾಕು, ಒಳಗಿಂದ ಮಾಡುವುದಿಲ್ಲ. ಮೊದಲ ಚಿಕಿತ್ಸೆ ಮಾತ್ರೆ. ಅಲ್ಲಿ ಯಾರಾದರೂ ಆಪರೇಷನ್ ಅಂದರೆ ಸಹಿ ಹಾಕದೆ ನನಗೆ ಫೋನ್ ಮಾಡಿ ಅಂತ ಕೊನೆಯ ಸಾಲು ಬರೆದು ನನ್ನ ನಂಬರ್ ಹಾಕಿದೆ. ಅವರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡರು. ಕರೆದುಕೊಂಡು ಹೋಗುತ್ತೇನೆ ಅನ್ನಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ.

ಅತ್ತಿಗೆಯ ಜೊತೆ

ಹತ್ತು ದಿನದ ಮೇಲೆ ತಂಗಿಯೇ ಫೋನ್ ಮಾಡಿದಳು. ಮೊದಲು ಕ್ಷಮೆ ಕೇಳಿದೆ, ನಿನ್ನ ಕೇಳದೆ ಮನೆಗೆ ಕಳಿಸಬಾರದಿತ್ತು ಅಂತ. ಆಮೇಲೆ ಇಬ್ಬರೂ ಕೂತು ದಾರಿ ಯೋಚಿಸಿದೆವು. ಯಾರ ಜೊತೆ ಹೋಗುತ್ತಿ? ಯಾವ ದಿನ? ಊರಲ್ಲಿ ಕೇಳಿದರೆ ಏನು ಹೇಳುತ್ತಿ? ಹಿಂದಿನ ಸಲ ನಾನು ಈ ಮೂರನ್ನೂ ಕೇಳಿರಲಿಲ್ಲ.

ದೊಡ್ಡಪ್ಪನ ಸೊಸೆ, ಅಂದರೆ ಅವಳ ಅತ್ತಿಗೆ, ಪಿಸಿಓಡಿಗೆ ಶಿವಮೊಗ್ಗದಲ್ಲಿ ತೋರಿಸುತ್ತಿದ್ದರು. ಊರಿಗೆಲ್ಲ ಗೊತ್ತಿದ್ದ ವಿಷಯ. ಅವರು ಹೇಳಿದ್ದು ಇಷ್ಟೇ: “ನಂಗೆ ಸೋಮವಾರ ತೋರಿಸೋಕಿದೆ. ಒಬ್ಬಳೇ ಹೋಗೋಕೆ ಬೇಜಾರು, ನೀ ಜೊತೆಗೆ ಬಾ ಮಾರಾಯ್ತಿ.” ಹೊರಗಿನವರಿಗೆ ತಂಗಿ ಜೊತೆಗೆ ಹೋದವಳು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲ. ನಮ್ಮ ಕಡೆ ಓಡಾಡುವುದು ಜಾಸ್ತಿ ಪ್ರೈವೇಟ್ ಬಸ್, ಅದರಲ್ಲಿ ದುಡ್ಡು ಕೊಡಬೇಕು. ಬೆಳಗಿನ ಒಂದೇ ಒಂದು ಸರ್ಕಾರಿ ಬಸ್ಸಿಗೆ ಕಾದು ಹೋದರು. ಅಪ್ಪನ ಹತ್ತಿರ ದುಡ್ಡು ಕೇಳುವ, ಕಾರಣ ಹೇಳುವ ಪ್ರಸಂಗವೇ ಬರಲಿಲ್ಲ. ಇದು ಸಣ್ಣ ವಿಷಯ ಅಲ್ಲ.

ಅಲ್ಲಿನ ಡಾಕ್ಟರಮ್ಮ ಅತ್ತಿಗೆಯನ್ನು ಹೊರಗೆ ಕೂರಲು ಹೇಳಿ ಕೇಳಿದರಂತೆ: “ಈ ಪ್ರಶ್ನೆ ನಾನು ಎಲ್ಲರಿಗೂ ಕೇಳ್ತೀನಿ. ಉತ್ತರ ಈ ಕೋಣೆಯಲ್ಲೇ ಇರುತ್ತೆ. ಗರ್ಭ ನಿಂತಿರೋ ಸಾಧ್ಯತೆ ಇದ್ಯಾ? ಇದ್ರೆ ಪರೀಕ್ಷೆ ಬೇರೆ, ಇಲ್ಲದಿದ್ರೆ ಬೇರೆ.” ಸ್ಕ್ಯಾನಿಂಗ್ ಸೆಂಟರಿನಲ್ಲಿ ಕೇಳಿದ್ದೂ ಹೆಚ್ಚುಕಡಿಮೆ ಇದೇ. ಆದರೆ ಇಲ್ಲಿ ಬಾಗಿಲು ಹಾಕಿತ್ತು, ಕಾರಣ ಮೊದಲೇ ಹೇಳಿದ್ದರು, ಗಂಡನ ಹೆಸರು ಕೇಳಲಿಲ್ಲ. ತಂಗಿ ಇಲ್ಲ ಅಂದಳು, ನಾಚಿಕೆ ಇಲ್ಲದೆ ಅಂದೆ ಅಂತ ಆಮೇಲೆ ನನಗೆ ಹೇಳಿದಳು. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಗರ್ಭಪಾತದ ಕಾನೂನಿನಲ್ಲೂ ಮದುವೆಯಾದವರು, ಆಗದವರು ಅಂತ ಭೇದ ಮಾಡುವಂತಿಲ್ಲ ಅಂತ ಹೇಳಿತು. ಕೋರ್ಟ್ ಬಿಟ್ಟ ಪ್ರಶ್ನೆಯನ್ನು ಹೆಸರು ಬರೆಯುವ ಕಿಟಕಿ ಇನ್ನೂ ಬಿಟ್ಟಿಲ್ಲ.

ಸ್ಕ್ಯಾನಿನಲ್ಲಿ ಗರ್ಭಕೋಶ, ಅಂಡಾಶಯ ಎರಡೂ ಸರಿಯಾಗಿದ್ದವು. ಥೈರಾಯ್ಡ್ ಪರೀಕ್ಷೆಯಲ್ಲಿ ಟಿಎಸ್‌ಎಚ್ ತುಂಬಾ ಜಾಸ್ತಿ ಬಂತು, ಅಂದರೆ ಥೈರಾಯ್ಡ್ ಗ್ರಂಥಿ ಸಾಕಷ್ಟು ಕೆಲಸ ಮಾಡುತ್ತಿಲ್ಲ. ಮುಟ್ಟು ಜಾಸ್ತಿ ಹೋಗಲು ಅದೂ ಒಂದು ಕಾರಣ. ದಿನಾ ಥೈರಾಕ್ಸಿನ್ ಮಾತ್ರೆ, ಜಾಸ್ತಿ ಹೋಗುವ ದಿನಗಳಿಗೆ ಮಾತ್ರ ರಕ್ತಸ್ರಾವ ಕಡಿಮೆ ಮಾಡುವ ಮಾತ್ರೆ, ಮೊದಲಿಗೆ ಕೆಲವು ಸಲ ರಕ್ತನಾಳದ ಮೂಲಕ ಕಬ್ಬಿಣಾಂಶ, ಆಮೇಲೆ ಕಬ್ಬಿಣದ ಮಾತ್ರೆ.

ಮನೆಯಲ್ಲಿ ಇದನ್ನು ಹೊಂದಿಸಿದ್ದು ಅಮ್ಮ. ಥೈರಾಕ್ಸಿನ್ ಖಾಲಿ ಹೊಟ್ಟೆಗೆ ಬರೀ ನೀರಲ್ಲಿ. ಕಾಫಿ ಒಂದು ಗಂಟೆ ಬಿಟ್ಟು. ಕಬ್ಬಿಣದ ಮಾತ್ರೆ ಅದರಿಂದ ನಾಲ್ಕು ಗಂಟೆಯಾದರೂ ದೂರ ಇರಬೇಕು, ಹಾಗಾಗಿ ಮಧ್ಯಾಹ್ನ, ನಿಂಬೆ ಹಿಂಡಿದ ನೀರಿನ ಜೊತೆ. ಬೆಳಗ್ಗೆ ಆರಕ್ಕೆ ಕಾಫಿ ಇಳಿಸುವ ಮನೆಯಲ್ಲಿ ಅವಳ ಲೋಟ ಮಾತ್ರ ಏಳಕ್ಕೆ ಬರತೊಡಗಿತು. ಅಪ್ಪ ಕೇಳಿದ್ದಕ್ಕೆ ಅಮ್ಮ “ಥೈರಾಯ್ಡ್ ಅಂತೆ” ಅಂದರು. ಅಪ್ಪ ಹೂಂ ಅಂದು ತೋಟಕ್ಕೆ ಹೋದರು. ಮುಟ್ಟು ಅನ್ನುವ ಮಾತು ಬೇಕಾಗಲೇ ಇಲ್ಲ.

ಜೂನ್‌ನಲ್ಲಿ ಹಿಮೋಗ್ಲೋಬಿನ್ 10.6, ಸೆಪ್ಟೆಂಬರ್‌ನಲ್ಲಿ 12.2. ಮುಟ್ಟು 28–30 ದಿನಕ್ಕೆ ಬಂತು, ಐದಾರು ದಿನಕ್ಕೆ ನಿಲ್ಲುತ್ತಿದೆ. ಅಕ್ಕಿ ತಿನ್ನಬೇಕು ಅನ್ನಿಸೋದು ಎರಡನೇ ತಿಂಗಳಿಗೇ ನಿಂತಿತ್ತು.

ಆಮೇಲೆ

ಸೆಪ್ಟೆಂಬರ್‌ನಲ್ಲಿ ತಂಗಿಯನ್ನು ನೇರವಾಗಿ ಕೇಳಿದೆ, ಕೊನೆಗೆ ನಿನ್ನನ್ನು ಆಸ್ಪತ್ರೆಗೆ ಕರೆತಂದದ್ದು ಯಾವುದು ಅಂತ. ನಾನು 7.4ರ ಭಯ ಅಂದುಕೊಂಡಿದ್ದೆ. ಅವಳು ಅದನ್ನು ಹೇಳಲೇ ಇಲ್ಲ. ಅತ್ತಿಗೆ ಏನು ಎತ್ತ ಅಂತ ಕೇಳದೆ ಬಾ ಅಂದರು. ಅಮ್ಮ ಬೇಡ ಅನ್ನಲಿಲ್ಲ. ಅಕ್ಕಿ ತಿಂದಿದ್ದಕ್ಕೆ ನೀವು ನಗಲಿಲ್ಲ. ಈ ಮೂರು. ನಾನು ಅವಳಿಗೆ ಕೊಟ್ಟಿದ್ದ ಕರಪತ್ರ ಬ್ಯಾಗಿನಲ್ಲೇ ಮಡಚಿದ ಹಾಗೇ ಇತ್ತು.

ಎಲ್ಲವೂ ಬಗೆಹರಿದಿಲ್ಲ. ಗಂಡಿನ ಕಡೆಯವರು ನೋಡಲು ಬಂದ ದಿನ ಅಮ್ಮ ಮಾತ್ರೆ ಡಬ್ಬಿಯನ್ನು ಕಿಟಕಿಯಿಂದ ತೆಗೆದು ಒಳಗಿಟ್ಟರು. ಹೇಳಬೇಕೋ ಬೇಡವೋ ಅಂತ ಮನೆಯಲ್ಲಿ ಇನ್ನೂ ಒಮ್ಮತ ಇಲ್ಲ. ತಂಗಿ ಹೇಳಿಯೇ ಮದುವೆಯಾಗುವುದು ಅಂತಿದ್ದಾಳೆ. ನಾನು ಅವಳ ಪರ.

ಅಮ್ಮ ತಾವಾಗಿ ಬಂದು ತಮಗೂ ಥೈರಾಯ್ಡ್ ಪರೀಕ್ಷೆ ಮಾಡಿಸಿ ಅಂದರು. ಅವರದ್ದೂ ಜಾಸ್ತಿ ಬಂತು. ಹಾಳೆ ಕೈಯಲ್ಲಿ ಹಿಡಿದು ತುಂಬಾ ಹೊತ್ತು ಕೂತಿದ್ದರು. “ಆಗ ಇದನ್ನ ನೋಡಿರಲಿಲ್ಲ ಸಿಸ್ಟ್ರೇ” ಅಂದರು. ಆಗಲೂ ಇದೇ ಕಾರಣ ಇತ್ತು ಅಂತ ಇಷ್ಟು ವರ್ಷದ ಮೇಲೆ ಯಾರೂ ಹೇಳಲಾಗದು. ನಾನು ಅವರ ಪಕ್ಕ ಹೋಗಿ ಕೂತೆ.

ಈಗ ಮದುವೆಯಾಗದ ಹೆಣ್ಣುಮಕ್ಕಳ ಮನೆಗೆ ಅವರನ್ನು ಕೇಳದೆ ಯಾರನ್ನೂ ಕಳಿಸುವುದಿಲ್ಲ. ಜ್ವರಕ್ಕೋ ತಲೆನೋವಿಗೋ ಬಂದವರಿಗೆಲ್ಲ ಹಿಮೋಗ್ಲೋಬಿನ್ ನೋಡುತ್ತೇನೆ, ಬಾಗಿಲು ಹಾಕಿ ಮುಟ್ಟಿನ ಬಗ್ಗೆ ಒಂದು ಪ್ರಶ್ನೆ ಕೇಳುತ್ತೇನೆ. ಇವರಿಗೆ ನಮ್ಮಲ್ಲಿ ಪುಸ್ತಕ ಇರಲಿಲ್ಲವಲ್ಲ, ಒಂದು ನೋಟ್‌ಬುಕ್ ತಂದು ನಾನೇ ಗೆರೆ ಹಾಕಿದೆ. ಹೆಸರು ಬರೆಯುವುದಿಲ್ಲ, ನಂಬರ್ ಮಾತ್ರ. ತಂಗಿ ಒಂದನೇ ನಂಬರ್. ಅವಳೇ ಸೊಸೈಟಿಯ ಇಬ್ಬರನ್ನು ಕರೆದುಕೊಂಡು ಬಂದಳು. ಇವತ್ತಿಗೆ ಹನ್ನೊಂದು ಆಗಿದೆ. ಏಳನೇ ನಂಬರಿನವಳು ನಾಳೆ ವರದಿ ತೋರಿಸಲು ಬರುತ್ತಾಳೆ. ಅವಳ ಅಮ್ಮನಿಗೂ ನಾಳೆಯೇ ಬಿಪಿ ಮಾತ್ರೆ ಕೊಡುವ ದಿನ. ಅಮ್ಮನಿಗೆ ಬೆಳಗ್ಗೆ ಬರಲು ಹೇಳಿದ್ದೇನೆ, ಮಗಳಿಗೆ ಮೂರು ಗಂಟೆಯ ಬಸ್ ಇಳಿದ ಮೇಲೆ.